ಇಪ್ಪತ್ತೆರಡು ಮನೆಗಳ ಬೀಜ

ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನಿಗೆ ಹೊಸದಾಗಿ ಬಂದ ಕನ್ನಡದ ಮನೆಗೆ ಆರು ತಿಂಗಳೊಳಗೆ ಒಂದು ಕರಿಬೇವಿನ ಸಸಿ ಬಂದೇ ಬರುತ್ತದೆ. ತಂದುಕೊಡುವವನು ಮುರಳೀಧರ. ಕುಂದಾಪುರದ ಕಡೆಯವನು, ಐವತ್ತನಾಲ್ಕು ವಯಸ್ಸು. ಹೆದ್ದಾರಿ ಪಕ್ಕದ ಬಯೋಟೆಕ್ ಕಂಪನಿಯೊಂದರಲ್ಲಿ ಔಷಧಗಳು ಎಷ್ಟು ದಿನ ಕೆಡದೆ ಉಳಿಯುತ್ತವೆ ಎಂದು ಪರೀಕ್ಷಿಸುವ ಕೆಲಸ. ಸಸಿಗೆ ದುಡ್ಡು ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಕುಂಡವನ್ನು ಯಾವ ಕಿಟಕಿಗೆ ಸರಿಸಬೇಕು, ಹುಳಿ ಮಜ್ಜಿಗೆ ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂದು ನಿಂತು ಹೇಳಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಾನೆ. ಇಂಥವನಿಗೆ ಇಲ್ಲ ಎನ್ನುವ ಧೈರ್ಯ ನಮ್ಮಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಮುಂದಿನದೆಲ್ಲ ಆದದ್ದು ಅದರಿಂದಲೇ.

ಅವನ ಇನ್ನೊಂದು ಹುಚ್ಚು ಗಾಂಜಾ ಬೀಜ. ಪದ ಕೇಳಿದ್ದೇ ಪುಟ ತಿರುಗಿಸುವವರು ಸ್ವಲ್ಪ ತಾಳಬೇಕು. ಅವನು ಸೇದುವವನಲ್ಲ, ಪಕ್ಕದವರ ಸಿಗರೇಟಿಗೇ ಕೆಮ್ಮುತ್ತಾನೆ. ಈಗ ಅಂಗಡಿಗಳಲ್ಲಿ ಸಿಗುವುದೆಲ್ಲ ಬೆರಕೆ. ಒಂದೊಂದು ಕಣಿವೆಯಲ್ಲಿ, ಒಂದೊಂದು ಗುಡ್ಡದ ಮಗ್ಗುಲಲ್ಲಿ ತಲೆಮಾರುಗಳಿಂದ ಆ ಮಣ್ಣಿಗೆ ಒಗ್ಗಿಕೊಂಡು ಬಂದ ನಾಟಿ ತಳಿಗಳು ಸದ್ದಿಲ್ಲದೆ ಅಳಿಯುತ್ತಿವೆ. ಅಂಥ ಬೀಜ ಕೂಡಿಡುವ, ಮೊಳೆಯಿಸುವ, ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳುವ ಒಂದು ಬಳಗವಿದೆ. ಬೇರೆ ರಾಜ್ಯದ ಜಾನ್ಸ್ ಕ್ರೀಕ್ ಎಂಬ ಊರಿನ ಗುರುದತ್ ಅವರಲ್ಲೊಬ್ಬ, ಮುರಳೀಧರನಿಗೆ ಆಪ್ತ. ಬಳಗದಲ್ಲಿ ಒಂದೇ ಕಟ್ಟಳೆ. ಲಕೋಟೆಯ ಮೇಲೆ ಊರು, ವರ್ಷ, ನೂರಕ್ಕೆ ಎಷ್ಟು ಮೊಳೆತವು ಎಂಬುದನ್ನು ಬರೆಯಬೇಕು, ಬರೆದದ್ದು ನಿಜವಾಗಿರಬೇಕು. ಮುರಳೀಧರ ಎಪ್ಪತ್ತೆರಡು ಎಂದು ಬರೆದರೆ ಅದು ಎಪ್ಪತ್ಮೂರಲ್ಲ. ಲಕೋಟೆಯ ಮೇಲೆ ಅವನು ಸುಳ್ಳು ಬರೆದದ್ದಿಲ್ಲ.

೨೦೨೧ರಲ್ಲಿ ಕಂಪನಿ ಕೆಲಸಕ್ಕೆ ದಕ್ಷಿಣದ ರಾಜ್ಯವೊಂದರ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಹೋದಾಗ, ಪಕ್ಕದ ಡರ್ಹಮ್ ಊರಾಚೆ ಒಂಟಿಯಾಗಿದ್ದ ಒಬ್ಬ ಅಮೆರಿಕನ್ ಮುದುಕನನ್ನು ಬಳಗದವರ ಮೂಲಕ ಕಂಡ. ಆತ ೧೯೭೮ರಲ್ಲಿ ನಮ್ಮ ಕಡೆ ಅಲೆದವನು. ಫ್ರೀಜರಿನಿಂದ ಒಂದು ಡಬ್ಬಿ ತೆಗೆದ. ಒಳಗೆ ನಾನೂರು ಬೀಜ, ಜೊತೆಗೊಂದು ಕನ್ನಡದ ಚೀಟಿ. ಚೀಟಿಯಲ್ಲಿ ಏನಿದೆ ಎಂದು ಆತನಿಗೆ ನಲವತ್ಮೂರು ವರ್ಷ ಗೊತ್ತಾಗಿರಲಿಲ್ಲ. ಮುರಳೀಧರ ಓದಿದ: ‘ಗುರುಸಿದ್ದಪ್ಪನ ಹಿತ್ತಲದ್ದು. ಕಾರ್ತಿಕದಲ್ಲಿ ಕೊಯ್ದದ್ದು.’ ಕೆಳಗೆ ಕೊಳ್ಳೇಗಾಲದ ಆಚೆಯ ಬೆಟ್ಟದ ಒಂದು ಹಾಡಿಯ ಹೆಸರು. ಮುದುಕ ಇನ್ನೊಮ್ಮೆ ಓದಿಸಿಕೊಂಡು, ಡಬ್ಬಿಯನ್ನು ಅವನ ಕೈಗೇ ಕೊಟ್ಟುಬಿಟ್ಟ. ಆ ಹಾಡಿಯಲ್ಲಿ ವಿಚಾರಿಸಿದರೆ, ಅಂಥ ಗಿಡ ಕಂಡು ಮೂವತ್ತು ವರ್ಷವಾಯಿತು ಎಂಬ ಉತ್ತರ ಬಂತು.

ಕಾನೂನು ಸಡಿಲವಾಗುವವರೆಗೆ ಅವನು ಕಾದ. ೨೦೨೩ರ ಜುಲೈನಲ್ಲಿ ಮೇರಿಲ್ಯಾಂಡ್ ಒಂದು ಮನೆಗೆ ಎರಡು ಗಿಡ ಬೆಳೆಸಿಕೊಳ್ಳಲು ಬಿಟ್ಟಿತು. ಅದೇ ವಾರ ನಾನೂರನ್ನೂ ಒದ್ದೆ ಕಾಗದದ ನಡುವೆ ಹರಡಿದ. ಹಳೆಯ ಬೀಜ, ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ಒಂದು ಬಿಳಿ ಮೂತಿ ಹೊರಬಂತು. ಮೂರು ವಾರದಲ್ಲಿ ನಲವತ್ತನಾಲ್ಕು. ಎರಡು ಗಿಡದಿಂದಲೂ ಬೀಜ ಮಾಡಬಹುದು. ಆದರೆ ತಳಿ ಉಳಿಯುವುದಿಲ್ಲ, ಒಂದೇ ಕುಟುಂಬದೊಳಗೆ ಕೊಟ್ಟು ತಂದು ಮಾಡಿದಂತೆ ಸೊರಗುತ್ತದೆ. ನಲವತ್ತನಾಲ್ಕೂ ಬೇಕಿದ್ದವು. ಅಂದರೆ ಇಪ್ಪತ್ತೆರಡು ಮನೆ.

ಅವನ ಮನೆ ಆ ಇಪ್ಪತ್ತೆರಡರಲ್ಲಿ ಇರಲಿಲ್ಲ. ಹೆಂಡತಿ ಮೈಥಿಲಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಲ್ಯಾಬಿನಲ್ಲಿ ಕೆಲಸ. ರಾಜ್ಯ ಏನೇ ಹೇಳಲಿ, ಫೆಡರಲ್ ಕಾನೂನಿನಲ್ಲಿ ಅದು ಅಪರಾಧವೇ. ಬೇರು ಕಂಡ ದಿನವೇ ಇವು ಮನೆಯಿಂದ ಹೊರಗೆ ಹೋಗಬೇಕು ಎಂದು ಆಕೆ ಹೇಳಿದ್ದರು, ಹೋದವು.

ಮೊದಲು ಕೇಳಿದ ನಾಲ್ಕು ಮನೆಯವರೂ ಅಮೆರಿಕದ ಪೌರರು, ಸರ್ಕಾರಿ ಲ್ಯಾಬಿನವರು. ವಿಷಯ ಬಿಡಿಸಿ ಹೇಳಿದ. ನಕ್ಕು ಬೇಡ ಎಂದರು. ಆಮೇಲೆ ಬಿಡಿಸಿ ಹೇಳುವುದನ್ನೇ ಬಿಟ್ಟ. ‘ಹೆಂಪ್’ ಎಂದ. ಅಮಲಿಲ್ಲದ ನಾರಿನ ಗಿಡ, ಕಾನೂನಿನ ಯಾವ ರಗಳೆಯೂ ಇಲ್ಲ, ನಾಲ್ಕು ತಿಂಗಳು ನೋಡಿಕೊಂಡರೆ ಸಾಕು ಎಂದ. ಕೆಲವರು ಕಣ್ಣು ಹೊಡೆದು ತೆಗೆದುಕೊಂಡರು. ಹೆಚ್ಚಿನವರು ಸುಮ್ಮನೆ ತೆಗೆದುಕೊಂಡರು. ಗ್ರೀನ್ ಕಾರ್ಡಿನವರು, ಕೆಲಸದ ವೀಸಾದವರು, ಊರಿಗೆ ಬಂದು ಎರಡು ವರ್ಷವಾಗದವರು. ಯಾರಿಗೆ ಕಳೆದುಕೊಳ್ಳಲು ಹೆಚ್ಚಿತ್ತೋ ಅವರ ಮನೆಗಳಲ್ಲೇ ಗಿಡಗಳು ಸಾಲಾಗಿ ನಿಂತವು. ಇದು ಆಕಸ್ಮಿಕ ಎಂದು ಅವನೂ ಹೇಳುವುದಿಲ್ಲ.

ಗೌಹರ್ ಮತ್ತು ಅವರ ಗಂಡ ಜಾಫರ್ ಮೈಸೂರಿನವರು. ಗೌಹರ್‌ಗೆ ನಲವತ್ತೇಳು, ಲಸಿಕೆ ತಯಾರಿಸುವ ಕಂಪನಿಯಲ್ಲಿ ಗುಣಮಟ್ಟ ನೋಡುವ ಕೆಲಸ. ಗ್ರೀನ್ ಕಾರ್ಡ್ ಸಿಕ್ಕು ನಾಲ್ಕನೆಯ ವರ್ಷ ನಡೆಯುತ್ತಿತ್ತು. ಯಾವುದನ್ನೂ ಅರ್ಧಕ್ಕೆ ಮಾಡುವ ಹೆಂಗಸಲ್ಲ. ಹೂವಿಗೆ ಬರುವ ಕಾಲದಲ್ಲಿ ಸಂಜೆಯ ಮೇಲೆ ಬೆಳಕು ಬೀಳಬಾರದು ಎಂದು ಹೇಳಿದ್ದಕ್ಕೆ, ಚಳಿ ಶುರುವಾಗಿ ಕುಂಡಗಳು ಒಳಗೆ ಬಂದ ಮೇಲೆ ದಿನವೂ ಐದೂವರೆಗೆ ಎರಡನ್ನೂ ಎತ್ತಿ ಕೋಟು ತೂಗುಹಾಕುವ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ಬಂದ ನೆಂಟರ ಕೋಟುಗಳು ಸೋಫಾದ ಮೇಲೆ ಬಿದ್ದಿರುತ್ತಿದ್ದವು.

ಭಾನುವಾರಗಳಂದು ಮುರಳೀಧರ ಗಂಡು ಗಿಡಗಳ ಪರಾಗವನ್ನು ಸಣ್ಣ ಸೀಸೆಗಳಲ್ಲಿ ತುಂಬಿಕೊಂಡು ಮನೆಯಿಂದ ಮನೆಗೆ ಡ್ರೈವ್ ಮಾಡುತ್ತಿದ್ದ. ಹೆಣ್ಣು ಹೂವಿಗೆ ಕುಂಚದಿಂದ ಸವರಿ, ಯಾವ ಮನೆಯದು ಯಾವ ಮನೆಯದಕ್ಕೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಜಾಫರ್ ಬಾಗಿಲು ತೆರೆಯುತ್ತಲೇ ಒಳಕ್ಕೆ ಕೂಗಿ ಹೇಳುತ್ತಿದ್ದರು: “ಬಂದ್ರು ನೋಡು ಮದ್ವೆ ದಲ್ಲಾಳಿ. ಇವತ್ತು ಯಾರ ಮನೆ ಹುಡುಗ ಅಂತ ಕೇಳು.”

ಡಿಸೆಂಬರಿನಲ್ಲಿ ಬೀಜ ಬಂತು, ಒಂಬತ್ತು ಸಾವಿರದಷ್ಟು. ನೂರನ್ನು ಮೊಳೆಯಿಸಿ ನೋಡಿದ: ತೊಂಬತ್ತೊಂದು. ನೂರು ಗುರುದತ್‌ಗೆ ಹೋಯಿತು, ಬದಲಿಗೆ ಹಿಮಾಲಯದ ಯಾವುದೋ ಕಣಿವೆಯ ಐವತ್ತು ಬಂತು. ಗಿಡದ ಒಂದು ತುಣುಕನ್ನು ಪರೀಕ್ಷೆಗೂ ಕೊಟ್ಟ. ಅದು ಹೆಂಪ್ ಅಲ್ಲ ಎಂಬ ವರದಿ ಬಂತು. ಅವನಿಗೆ ಮೊದಲೇ ಗೊತ್ತಿದ್ದದ್ದೇ. ಲಕೋಟೆಯ ಮೇಲೆ ಬರೆಯಲು ಬೇಕಿತ್ತು.

೨೦೨೪ರ ಅಕ್ಟೋಬರಿನಲ್ಲಿ ಬಾಲ್ಟಿಮೋರಿನಲ್ಲಿ ಗೌಹರ್ ಅವರ ಪೌರತ್ವದ ಸಂದರ್ಶನ. ಎಲ್ಲರನ್ನೂ ಕೇಳುವ ಪ್ರಶ್ನೆಗಳಲ್ಲಿ ಒಂದು: ನಿಷೇಧಿತ ಮಾದಕ ವಸ್ತುವನ್ನು ಎಂದಾದರೂ ಬೆಳೆಸಿದ್ದೀರಾ? ಅರ್ಜಿಯಲ್ಲಿ ಅವರು ಇಲ್ಲ ಎಂದು ಗುರುತು ಹಾಕಿದ್ದರು. ಅಧಿಕಾರಿಯ ಮುಂದೆ ಮಾತ್ರ, ಒಂದು ಸಲ ಎರಡು ಗಿಡ ಬೆಳೆಸಿದ್ದೆ, ಹೆಂಪ್ ಎಂದು ಹೇಳಿ ಕೊಟ್ಟಿದ್ದರು, ರಾಜ್ಯದ ಕಾನೂನಿನಲ್ಲಿ ಸರಿಯಿತ್ತು ಎಂದರು. ಅಧಿಕಾರಿ ಸೌಜನ್ಯದಿಂದಲೇ ಬರೆದುಕೊಂಡ. ತೀರ್ಪು ತಡೆಹಿಡಿಯಲಾಗಿದೆ ಎಂಬ ಕಾಗದ ಬಂತು. ಜೊತೆಗೆ ರಾಕ್‌ವಿಲ್‌ನ ವಕೀಲೆಯ ಎಚ್ಚರಿಕೆ: ಇದು ಇತ್ಯರ್ಥವಾಗುವವರೆಗೆ ದೇಶ ಬಿಡಬೇಡಿ, ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

ಮೈಸೂರಿನಲ್ಲಿ ಗೌಹರ್ ಅವರ ತಂಗಿ ಮೆಹವಿಶ್‌ಗೆ ಬೆನ್ನುಮೂಳೆಯ ಆಪರೇಷನ್ ಆಗಬೇಕಿತ್ತು. ಎರಡು ತಿಂಗಳು ಹಾಸಿಗೆಯಲ್ಲೇ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಕ್ಕ ಬರಲಿ ಎಂದೇ ಮೆಹವಿಶ್ ದಿನ ಮುಂದೂಡುತ್ತಿದ್ದಳು.

ದಾರಿ ಒಂದಿತ್ತು. ಕೊಟ್ಟವನೇ ಬರೆದುಕೊಡಬೇಕು: ಇದು ಗಾಂಜಾ ಎಂದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ, ನಾನು ಸುಳ್ಳು ಹೇಳಿದೆ. ಪರೀಕ್ಷೆಯ ವರದಿ ಲಗತ್ತಿಸಬೇಕು. ತಿಳಿಯದೆ ಮಾಡಿದ್ದು ಎಂದಾದರೆ ಅರ್ಜಿ ಉಳಿಯುವ ಸಾಧ್ಯತೆಯಿದೆ. ನವೆಂಬರಿನಲ್ಲಿ ವಕೀಲೆಯ ಪತ್ರ ಮುರಳೀಧರನ ಕೈ ಸೇರಿತು.

ನಾಲ್ಕು ತಿಂಗಳು ಅವನು ಸಹಿ ಹಾಕಲಿಲ್ಲ. ಪೌರತ್ವದ ಆ ಪ್ರಶ್ನೆ ಅವನಿಗೆ ಹೊಸದಲ್ಲ, ೨೦೧೭ರಲ್ಲಿ ತನ್ನ ಅರ್ಜಿಯಲ್ಲಿ ಅವನೇ ಅದಕ್ಕೆ ಇಲ್ಲ ಎಂದು ಗುರುತು ಹಾಕಿದ್ದ. ಗಿಡ ಕೊಡುವಾಗ ಅದು ನೆನಪಾಗಲಿಲ್ಲವೇ ಎಂದು ನಾನು ಅವನನ್ನು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎನ್ನುತ್ತಿದ್ದರು.

“ನೆನಪಾಯ್ತು,” ಎಂದ. “ಅವ್ರ ಡ್ರೈವ್‌ವೇನಲ್ಲಿ ಕಾರ್ ಟ್ರಂಕ್ ಕ್ಲೋಸ್ ಮಾಡ್ತಿದ್ದೆ, ಆಗ್ಲೇ ನೆನಪಾಯ್ತು. ಮುಂದಿನ್ ವಾರ ಹೇಳೋಣ ಅಂದ್ಕೊಂಡೆ. ಮುಂದಿನ್ ವಾರ ಗಿಡ ಇಷ್ಟು ಚೆನ್ನಾಗಿ ಬಂದಿತ್ತು.”

ಆ ನಾಲ್ಕು ತಿಂಗಳಲ್ಲಿ ಅವನು ಏಳು ಕರಡು ಬರೆದ. ಒಂದರಲ್ಲಿ, ನಾನೂ ಹೆಂಪ್ ಎಂದೇ ನಂಬಿದ್ದೆ ಎಂದು ಬರೆದು, ಪರೀಕ್ಷೆಯ ವರದಿಯನ್ನು ಬಿಟ್ಟುಬಿಟ್ಟಿದ್ದ. ಅಂಗಡಿಯಲ್ಲಿ ಜಾಫರ್ ಕಂಡರೆ ಬೇರೆ ಸಾಲಿಗೆ ತಿರುಗುತ್ತಿದ್ದ. ಮನೆಯಲ್ಲಿ ಹೆಂಡತಿಯ ನೌಕರಿಯ ನೆಪ ಹೇಳಿದ. ಮೈಥಿಲಿ ಚಪಾತಿ ಲಟ್ಟಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. “ನನ್ ಜಾಬ್ ಹೋಗತ್ತೆ ಅಂತ ನಿಮಗೆ ಗೊತ್ತಿತ್ತು, ಅದಕ್ಕೇ ಗಿಡಗಳನ್ನ ಇಲ್ಲಿ ಇಡ್ಲಿಲ್ಲ. ಅವ್ರದ್ದು ಏನು ಹೋಗತ್ತೆ ಅಂತಾನೂ ಗೊತ್ತಿತ್ತು. ನನ್ನ ಹೆಸರನ್ನ ಇದ್ರಲ್ಲಿ ತರ್ಬೇಡಿ. ಸೈನ್ ಮಾಡಿ.”

ಮಾರ್ಚಿನಲ್ಲಿ ನೋಟರಿಯ ಮುಂದೆ ಸಹಿ ಹಾಕಿ, ಲಕೋಟೆ ಹಿಡಿದು ಗೌಹರ್ ಮನೆಗೆ ಹೋದ. ಪಾಪದ ಮೂಟೆ ಇಳಿಸಿ ಬರುವವನ ಹಾಗೆ ಹೋದೆ ಎಂದು ಅವನೇ ಹೇಳಿದ್ದಾನೆ. ಗೌಹರ್ ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಓದಿದರು. ಜಾಫರ್ ಟಿವಿ ಆರಿಸಿದರು.

“ಇದು ಸರಿಯಿಲ್ಲ ಅಣ್ಣ,” ಎಂದರು ಗೌಹರ್.

ಯಾವುದು ಎಂದು ಅವನು ಕೇಳಿದ.

“ನನಗೆ ಗೊತ್ತಿರ್ಲಿಲ್ಲ ಅಂತ ಬರ್ದಿದೀರಲ್ಲ. ಜುಲೈನಲ್ಲಿ ಗೊತ್ತಿರ್ಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗೊತ್ತಾಯ್ತು. ಕಪಾಟಿನ ಬಾಗಿಲು ತೆಗೆದ್ರೆ ಮನೆಯೆಲ್ಲಾ ವಾಸನೆ. ಮೈಸೂರಲ್ಲಿ, ಉದಯಗಿರಿಯ ನಮ್ಮ ಬೀದಿ ಕೊನೇಲಿ ಒಬ್ರು ಫಕೀರ್ ಚಿಲುಮೆ ಸೇದ್ತಾ ಕೂರ್ತಿದ್ರು. ಚಿಕ್ಕವಳಿದ್ದಾಗಿಂದ ನನಗೆ ಆ ವಾಸನೆ ಗೊತ್ತು.”

ಜಾಫರ್ ಹೆಂಡತಿಯ ಕಡೆ ತಿರುಗಿದರು. ಅವರಿಗೂ ಇದು ಹೊಸ ಸುದ್ದಿ.

ಮತ್ತೆ ಯಾಕೆ ಎಸೆಯಲಿಲ್ಲ ಎಂದು ಕೇಳುವಷ್ಟು ಮುರಳೀಧರನಿಗೆ ಬಾಯಿ ಬಂತು. ಬರಬಾರದಿತ್ತು.

“ನೀವಾಗೇ ಹೇಳ್ತೀರಾ ಅಂತ ಕಾದೆ,” ಎಂದರು ಗೌಹರ್. “ಪ್ರತೀ ಭಾನುವಾರ ಬರ್ತಿದ್ರಿ. ಸೀದಾ ಕಪಾಟಿನ ಹತ್ರ ಹೋಗಿ ಗಿಡದ ಯೋಗಕ್ಷೇಮ ವಿಚಾರಿಸ್ತಿದ್ರಿ. ನೀವು ನಂಬಿಕೊಟ್ಟಿದ್ದು, ನಾನು ಎಸೆದ್ರೆ ನಿಮ್ಮ ಕೆಲಸ ಹಾಳು. ನಾನೇ ಬಾಯ್ಬಿಟ್ಟು ಕೇಳಿದ್ರೆ ನೀವು ಸುಳ್ಳು ಹೇಳಿದ್ರಿ ಅಂತಾಗತ್ತೆ. ಹೆಂಗೆ ಕೇಳ್ಲಿ?”

ನಮ್ಮ ಜನದ ಈ ಸಂಕೋಚವನ್ನು ನಾನು ಇಷ್ಟು ವರ್ಷ ಮರ್ಯಾದೆ ಎಂದೇ ತಿಳಿದಿದ್ದೆ. ಸುಳ್ಳು ಹೇಳಿದವನಿಗೆ ಮುಜುಗರವಾದೀತೆಂದು ಸುಳ್ಳು ಹೇಳಿಸಿಕೊಂಡವರು ಬಾಯಿ ಮುಚ್ಚಿಕೊಂಡಿರುವುದು! ಅವನು ಮಾಡಿದ್ದಕ್ಕಿಂತ ಹೆಚ್ಚಾಗಿ ಇದೇ ನನ್ನನ್ನು ಕೆರಳಿಸುತ್ತದೆ. ಅವನಿಗೂ ಈ ಸಂಕೋಚ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ಮನೆ ಹುಡುಕಿದ್ದು ಅದನ್ನು ನಂಬಿಕೊಂಡೇ.

ಕಾಗದ ಹಾಗೇ ಇರಲಿ, ನಿಮಗೆ ಗೊತ್ತಿತ್ತೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಅವನು ಗೋಗರೆದ. ಜಾಫರ್ ಕೂಡ ಅದನ್ನೇ ಹೇಳಿದರು, ಉರ್ದುವಿನಲ್ಲಿ, ಎರಡು ಸಲ. ಗೌಹರ್ ಪೆನ್ನು ತಂದು ಅವನ ಮುಂದಿಟ್ಟರು. ಜುಲೈಯಲ್ಲಿ ಏನು, ಅಕ್ಟೋಬರಿನಲ್ಲಿ ಏನು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಮರುದಿನ ಮತ್ತೆ ನೋಟರಿ. ಇದನ್ನು ಕಳಿಸುವುದು ಏನೂ ಕಳಿಸದಿರುವುದಕ್ಕಿಂತ ಕೆಟ್ಟದು ಎಂದು ವಕೀಲೆ ಬರವಣಿಗೆಯಲ್ಲೇ ತಿಳಿಸಿದರು. ಗೌಹರ್ ಕಳಿಸಿದರು.

ಜೂನಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಇನ್ನು ಕೆಲವು ವರ್ಷ ಅರ್ಜಿ ಹಾಕುವಂತಿಲ್ಲ, ದೇಶವನ್ನಂತೂ ಬಿಡುವಂತಿಲ್ಲ. ಮುರಳೀಧರನನ್ನು ಯಾರೂ ಏನೂ ಕೇಳಲಿಲ್ಲ. ಶಿಕ್ಷೆಯಾಗಲಿ ಎಂದು ಅವನು ದಿನವೂ ಅಂಚೆಪೆಟ್ಟಿಗೆ ನೋಡುತ್ತಿದ್ದ. ಅಂಗಡಿಗಳ ಜಾಹೀರಾತುಗಳಷ್ಟೇ ಬರುತ್ತಿದ್ದವು. ಬೀಜಗಳನ್ನು ಸುಟ್ಟುಹಾಕುತ್ತೇನೆಂದು ಗುರುದತ್‌ಗೆ ಫೋನ್ ಮಾಡಿದ. ಸುಟ್ಟರೆ ಆ ಹೆಣ್ಣುಮಗಳಿಗೆ ಏನು ಲಾಭ ಎಂದು ಗುರುದತ್ ಕೇಳಿದ. ಬೀಜ ಈಗಲೂ ಫ್ರೀಜರಿನಲ್ಲಿದೆ, ಈ ಸಲ ಅವನದೇ ಮನೆಯಲ್ಲಿ. ಮೈಥಿಲಿಗೆ ಗೊತ್ತಿದೆ.

ಆಗಸ್ಟ್ ಮೊದಲ ವಾರ ಅವನು ಮತ್ತೆ ಆ ಮನೆಯ ಬಾಗಿಲು ತಟ್ಟಿದ. ರಜೆ ಹಾಕಿದ್ದೇನೆ, ಟಿಕೆಟ್ ನೋಡಿದ್ದೇನೆ ಎಂದ. ನೀವು ಹೋಗುವ ಹಾಗಿಲ್ಲವಲ್ಲ, ಮೆಹವಿಶ್ ಆಪರೇಷನ್ನಿಗೆ ನಾನು ಹೋಗಿ ನಿಲ್ಲುತ್ತೇನೆ, ಆಸ್ಪತ್ರೆ, ಔಷಧ, ಓಡಾಟ ಎಲ್ಲ ನೋಡಿಕೊಳ್ಳುತ್ತೇನೆ ಎಂದ. ನಿಂತೇ ಹೇಳಿದ. ಕೂರಿ ಎಂದು ಯಾರೂ ಅನ್ನಲಿಲ್ಲ.

ಗೌಹರ್ ದನಿಯಲ್ಲಿ ಸಿಟ್ಟಿರಲಿಲ್ಲವಂತೆ; ಅವನು ಒತ್ತಿ ಹೇಳುವುದು ಅದನ್ನೇ.

“ನೀವು ಹೋಗಿ ಏನ್ ಮಾಡ್ತೀರಾ ಅಣ್ಣ? ಅವಳನ್ನ ಮಗ್ಗುಲು ತಿರುಗಿಸ್ತೀರಾ? ತಲೆ ಬಾಚ್ತೀರಾ?”

ಅವನು ಹೋಗಲಿಲ್ಲ. ಆಪರೇಷನ್ ಹದಿನಾಲ್ಕನೆಯ ತಾರೀಖು ಆಯಿತು. ಮೆಹವಿಶ್‌ಳನ್ನು ನೋಡಿಕೊಳ್ಳಲು ಆಸ್ಪತ್ರೆಯವರು ಗೊತ್ತುಮಾಡಿಕೊಟ್ಟ ಹೆಂಗಸು ಬರುತ್ತಾಳೆ, ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ.