ಬದುಕಿದವರನ್ನು ನೋಡಲು ಹೋಗುತ್ತಿದ್ದ ಡಾಕ್ಟರು

ಭಾನುವಾರ ಬಂತೆಂದರೆ ಶಿರಗುಪ್ಪಿ ಡಾಕ್ಟರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಕ್ಯಾನ್ಸರ್ ಪೇಶಂಟುಗಳಲ್ಲಿ ಯಾರು ಇನ್ನೂ ಬದುಕಿದ್ದಾರೆಂದು ನೋಡಲು ಹೊರಟುಬಿಡುತ್ತಿದ್ದರು. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಅವರು ಪೆಥಾಲಜಿ ಡಾಕ್ಟರು, ಅಂದರೆ ರೋಗಿಯ ಮೈಯಿಂದ ತೆಗೆದ ತುಣುಕು ನೋಡಿ ರೋಗ ಹೇಳುವವರು. ನಾನು ಅವರ ಲ್ಯಾಬಿನ ಟೆಕ್ನಿಷಿಯನ್. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಪೆಥಾಲಜಿಯವರು ರೋಗಿಯ ಮುಖ ನೋಡುವುದೇ ಅಪರೂಪ, ಇವರಿಗೆ ಮಾತ್ರ ಈ ಹುಚ್ಚು. "ಸತ್ತವ್ರು ಯಾಕ ಸತ್ರು ಅನ್ನೂದು ಪುಸ್ತಕದಾಗ ಐತಿ. ಬದುಕಿದವ್ರು ಯಾಕ ಬದುಕಿದ್ರು, ಅದನ್ಯಾರು ಬರ್ದಾರ?" ಎನ್ನುತ್ತಿದ್ದರು.

ಬಾಯಿ ಕ್ಯಾನ್ಸರಿನ ಸ್ಲೈಡು ಬಂದರೆ ನನ್ನ ಊಟದ ಡಬ್ಬಿ ಮುಚ್ಚಿಸಿ ಮೈಕ್ರೋಸ್ಕೋಪಿನ ಮುಂದೆ ಕೂರಿಸುವರು. ಗಡ್ಡೆಯ ಸುತ್ತ, ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಬಣ್ಣ ಹೀರಿ ನೀಲಿ ಚುಕ್ಕೆಗಳಾಗಿ ಮುತ್ತಿರುತ್ತಿದ್ದವು. "ನೋಡು, ಪೊಲೀಸ್ರು ಬಂದಾರ. ಕಳ್ಳ ಎದುರಿಗೇ ಅದಾನ. ಹೊಡಿಯಂಗಿಲ್ಲ, ಸುಮ್ನ ನಿಂತಾರ. ಯಾಕ?" ನನಗೇನು ಗೊತ್ತು? "ಲಂಚ ತಿಂದಿರಬೇಕ್ರಿ ಸರ್" ಎಂದೆ ಒಮ್ಮೆ. ಅವರು ನಗಲಿಲ್ಲ. "ಇದ್ರೂ ಇರಬಹುದು" ಎಂದು ಮತ್ತೆ ಕಣ್ಣಿಟ್ಟರು.

ಖಾನಾಪುರದ ತಾನೂಬಾಯಿಗೆ ಹಲ್ಲಿಗೆ ಹುರಿದ ತಂಬಾಕಿನ ಮಿಶ್ರಿ ತಿಕ್ಕುವ ಚಟವಿತ್ತು. ಕೆನ್ನೆಯ ಒಳಗೆ ಎದ್ದ ಹುಣ್ಣು ಕುತ್ತಿಗೆಯ ಗಂಟಿಗೂ ಇಳಿದಿತ್ತು. ಆಪರೇಷನ್ ಆಯಿತು, ಜನ ಕರೆಂಟು ಎನ್ನುವ ರೇಡಿಯೇಷನ್ ಕೊಟ್ಟರು. ಆದರೂ ವರ್ಷ ದಾಟಲಿಕ್ಕಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಎರಡು ವರ್ಷದ ಮೇಲೆ ನಾವಿಬ್ಬರೂ ಹೋದಾಗ ಅಂಗಳದಲ್ಲಿ ಭತ್ತ ಹರವುತ್ತಿದ್ದಳು.

"ನಾ ಸತ್ತೇನೋ ಇಲ್ಲೋ ನೋಡಾಕ ಬಂದೀರೇನ್ರಿ ಸಾಹೇಬ್ರ?"

"ಇಲ್ಲ ತಂಗಿ, ಯಾಕ ಸತ್ತಿಲ್ಲ ಅಂತ ಕೇಳಾಕ ಬಂದೀನಿ."

ಸೊಟ್ಟಗಾದ ಬಾಯಲ್ಲೇ ಮನಸಾರೆ ನಕ್ಕಳು. ಚಹಾ ಕೊಟ್ಟು, ತಾನೂ ಒಂದು ಪ್ರಶ್ನೆ ಕೇಳಿದಳು. ಗಂಡನಿಲ್ಲದ ಹೆಂಗಸು. ಮಗಳು ಶಾಂತಾಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಅಷ್ಟರಲ್ಲೇ ಒಂದು ವರವೂ ಬಂದಿತ್ತು. "ನಾ ಹ್ವಾದ್ರ ಆಕಿಗೆ ಯಾರದಾರ? ಈಗ ಮದಿವಿ ಮಾಡ್ಲೋ, ಕಲಿಯಾಕ ಬಿಡ್ಲೋ? ನಾ ಎಷ್ಟ ದಿವ್ಸ ಇರ್ತೀನಿ, ಖರೇ ಹೇಳ್ರಿ."

ಡಾಕ್ಟರು ಚಹಾದ ಬಟ್ಟಲು ಕೆಳಗಿಟ್ಟರು. ಮುಂದಿನ ವಾರ ಹೇಳುತ್ತೇನೆಂದು ಎದ್ದರು. ಆ ವಾರವೆಲ್ಲ ಅವಳ ಹಳೇ ಸ್ಲೈಡು ಹಿಡಿದು ಕೂತರು. ಮರು ಭಾನುವಾರ ಹೋಗಿ ಹೇಳಿದರು: "ಗಡ್ಡಿ ಸುತ್ತ ಕಾವಲು ಭಾಳ ಐತಿ ತಂಗಿ. ಅದು ಹೊಡೀತದೋ ಇಲ್ಲೋ ನನಗ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನನ್ನ ಮಗಳಾಗಿದ್ರ ನಾ ಕಲಿಸ್ತಿದ್ದೆ."

ತಾನೂಬಾಯಿ ವರನ ಕಡೆಯವರಿಗೆ ಇಲ್ಲವೆಂದಳು. ಅಲ್ಲಿಂದ ಡಾಕ್ಟರ ಖಾನಾಪುರದ ಭೇಟಿಗಳಲ್ಲಿ ಕುತೂಹಲದ ಜೊತೆ ಅಂಜಿಕೆಯೂ ಸೇರಿತು. ಅವರ ಒಂದು ಮಾತಿನ ಮೇಲೆ ಒಂದು ಹುಡುಗಿಯ ಬಾಳು ನಿಂತಿತ್ತು.

ಶಾಂತಾಳ ನರ್ಸಿಂಗಿನ ಕಡೆಯ ವರ್ಷದಲ್ಲಿ ತಾಯಿಯ ಗಂಟು ಮತ್ತೆ ಎದ್ದಿತು; ಪರೀಕ್ಷೆಗೆ ಮೊದಲೇ ತಾನೂಬಾಯಿ ತೀರಿಹೋದಳು. ಮಾತಾಡಿಸಿಕೊಂಡು ಬರಲು ಹೋದ ಡಾಕ್ಟರು ಹೊಸ್ತಿಲಲ್ಲೇ ನಿಂತರು. "ನಾ ಹೇಳಿದ್ದು ತಪ್ಪಾತೇನವಾ ಮಗಳ?"

"ಅವ್ವನ ಗಾಯ ಕಡೀತನಕಾ ನಾನ ತೊಳ್ದೇನ್ರಿ ಸರ್. ನೀವು ಬ್ಯಾರೆ ಹೇಳಿದ್ರ ನಾ ಯಾರ ಮನ್ಯಾಗೋ ಇರ್ತಿದ್ದೆ" ಎಂದಳು ಶಾಂತಾ. ಡಾಕ್ಟರು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಮ್ಮ ಲ್ಯಾಬಿಗೆ ಹೊಸ ಪರೀಕ್ಷೆಯೊಂದು ಬಂತು. ಕ್ಯಾನ್ಸರಿನ ಜೀವಕೋಶ ತನ್ನ ಮೈಮೇಲೆ ಒಂದು ಗುರುತು ಹೊತ್ತು, ಅದನ್ನು ತೋರಿಸಿ ಬಿಳಿ ಕಣಗಳನ್ನು ತಡೆದು ನಿಲ್ಲಿಸುತ್ತದಂತೆ. ಆ ಗುರುತು ಇದ್ದಲ್ಲಿ ಸ್ಲೈಡಿನ ಮೇಲೆ ಕಂದು ಬಣ್ಣ ಏಳುತ್ತದೆ. ಬೆಳಗಾವಿಯ ಶಹಾಪುರದಲ್ಲಿದ್ದ ಡಾಕ್ಟರ ಮನೆಗೆ ಓಡಿ ಹೇಳಿದೆ. ಹಾಸಿಗೆ ಹಿಡಿದಿದ್ದ ಡಾಕ್ಟರು ಎದ್ದು ಕೂತರು. "ತಾನೂಬಾಯಿದು ತುಣುಕು ಮ್ಯಾಣದಾಗ ಇನ್ನೂ ಐತೇನು? ಹಚ್ಚಿ ನೋಡು. ಲಗೂ."

ಮೇಣದಲ್ಲಿ ಹುದುಗಿಸಿ ಕಾದಿಟ್ಟಿದ್ದ ಗಡ್ಡೆಯ ತುಣುಕನ್ನು ಹುಡುಕಿ ತೆಗೆದು, ಬಣ್ಣ ಹಚ್ಚಿಸಿ ನೋಡಿದೆ. ಗಡ್ಡೆಯ ಅಂಚೆಲ್ಲ ಕಂದು. ಪೊಲೀಸರ ಕೈ ಕಟ್ಟಿದ್ದು ಅದೇ. ಹೇಳಲು ಹೋದಾಗ ಅವರ ಮನೆಯ ಮುಂದೆ ಜನ ಸೇರಿದ್ದರು.

ಇದ್ದಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಹಂಗಾರ ಆಕಿ ಅಷ್ಟು ವರ್ಷ ಹೆಂಗ ಉಳಿದ್ಲು?" ಎಂದು ಕೇಳುತ್ತಿದ್ದರು. ಹಾಗೆ ಕೇಳುವವರು ಈಗ ನಮ್ಮ ಲ್ಯಾಬಿನಲ್ಲಿಲ್ಲ.