ಕೋರ್ಟಿಗೆ ಬಂದ ಕೆಂಪಿರುವೆ ಚಟ್ನಿ

ಪೊಲೀಸರು ಜಪ್ತಿ ಮಾಡಿದ ಕಂಪ್ಯೂಟರುಗಳನ್ನು ಜಾಲಾಡಿ ವರದಿ ಕೊಡುವುದು ನನ್ನ ಕೆಲಸ. ಅವತ್ತು ಹಳಿಯಾಳದ ಕೋರ್ಟಿನಲ್ಲಿ ನಕಲಿ ರೆಸಾರ್ಟ್ ಬುಕಿಂಗ್ ಕೇಸು, ಸಾಬೀತಾದರೆ ಜೈಲೇ. ಆರೋಪಿ ಕುಂಬಾರವಾಡದ ಜೀಪ್ ಡ್ರೈವರ್. ಅವನ ಕಂಪ್ಯೂಟರಿನಲ್ಲಿ ಬುಕಿಂಗಿನ ಸುಳಿವೇ ಇರಲಿಲ್ಲ. ಇದ್ದದ್ದು ಆ ಕಾಡಿನ ಕಡೆ ಮನೆಮನೆಯಲ್ಲೂ ತಿನ್ನುವ ಕೆಂಪಿರುವೆ ಚಟ್ನಿ ಮಾಡುವ ವಿಧಾನ, ಅವನೇ ಟೈಪ್ ಮಾಡಿಟ್ಟದ್ದು.

ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸರ್ಕಾರಿ ವಕೀಲರು ನನ್ನ ವರದಿಯಲ್ಲಿದ್ದ ಆ ಚಟ್ನಿಯ ಹಾಳೆಯನ್ನೇ ಎತ್ತಿ ಹಿಡಿದು ಓದಿದರು. "ಇರುವೆ, ಉಪ್ಪು, ಮೆಣಸಿನಕಾಯಿ, ಕೊಬ್ಬರಿ... ಮಹಾಸ್ವಾಮಿ, ಇರುವೆಯನ್ನೇ ಬಿಡದವನು ಪ್ರವಾಸಿಗರನ್ನು ಬಿಡುತ್ತಾನೆಯೇ?"

ಕಟಕಟೆಯಲ್ಲಿದ್ದ ಡ್ರೈವರ್‌ಗೆ ತಡೆಯಲಾಗಲಿಲ್ಲ. "ಬಳ್ಳೊಳ್ಳಿ ಓದೂದು ಬಿಟ್ಟ್ರಲ್ರೀ ಸಾಹೇಬ್ರ! ಅದಿಲ್ದ ಚಟ್ನಿ ಹೆಂಗಾಗ್ತೈತ್ರೀ?"

ಕೋರ್ಟೆಲ್ಲ ಗೊಳ್ಳೆಂದಿತು. ಸಾಕ್ಷಿ ಹೇಳಬೇಕಾದ ನಾನು ಕರವಸ್ತ್ರ ಕಚ್ಚಿಕೊಂಡು ನಿಂತೆ. ನ್ಯಾಯಾಧೀಶರು ಮೀಸೆಯಲ್ಲೇ ನಗು ಮುಚ್ಚಿಕೊಂಡರು. "ವಕೀಲ್ರ, ಬುಕಿಂಗಿಗೂ ಚಟ್ನಿಗೂ ಏನ್ ಸಂಬಂಧ? ಅವನ ಮನಿ ಅಡಗಿ ಅವನದು. ಇದನ್ನ ಸಾಕ್ಷಿ ಅಂತ ತೊಗೊಳ್ಳಾಕ ಬರೂದಿಲ್ಲ."

ನನ್ನ ದಪ್ಪ ವರದಿಯಲ್ಲಿ ಬೇಡವೆಂದು ವಾಪಸ್ ಬಂದ ಹಾಳೆ ಅದೊಂದೇ. ಮಧ್ಯಾಹ್ನ ಕೋರ್ಟಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಜನ ಸಾಲುಗಟ್ಟಿದ್ದೂ ಅದೊಂದಕ್ಕೇ. ಸಾಲಿನಲ್ಲಿ ಮೊದಲು ನಿಂತವರು ಸರ್ಕಾರಿ ವಕೀಲರು.