ಜುಟ್‌ಫೆನ್‌ನಲ್ಲಿ ಅವ್ವ ಕೇಳಿದ ಪೆನ್ನು

ಶನಿವಾರ ಬೆಳಿಗ್ಗೆ ಆಮ್ಸ್ಟೆಲ್‌ವೀನ್‌ನಲ್ಲಿ ಟ್ರಾಮ್ ಹತ್ತಿದಾಗ ಚಳಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿತ್ತು. ಗದಗಿನಿಂದ ಬಂದು ಮೂರು ವಾರವಾಗಿದ್ದ ಅವ್ವ ಇಳಕಲ್ ಸೀರೆಯ ಮೇಲೆ ನನ್ನ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು, ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾವು ಹೊರಟಿದ್ದು ಜುಟ್‌ಫೆನ್‌ಗೆ. ಡಚ್ಚರ ಈ ದೇಶಕ್ಕೆ ಬರುವ ನಮ್ಮವರು ಟುಲಿಪ್ ತೋಟ, ಗಾಳಿಗಿರಣಿ ನೋಡಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಪೂರ್ವಕ್ಕೆ ನೂರು ಕಿಲೋಮೀಟರ್ ದಾಟಿದರೆ ಐಸೆಲ್ ನದಿಯ ದಂಡೆಯಲ್ಲಿ ಇಂಥ ಹಳೆಯ ವ್ಯಾಪಾರದ ಊರೊಂದಿದೆ ಎಂದು ಯಾರೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಊರು ನೋಡಲು ಹೊರಟವಳಲ್ಲ. ನನಗೆ ಬೇಕಿದ್ದವರು ಹನ್ನೆಕೆ.

ವಾಗೆನಿಂಗನ್‌ನಲ್ಲಿ ಓದುವಾಗ ಎರಡು ವರ್ಷ ಅವರ ಮನೆಯ ಮಹಡಿ ಕೋಣೆಯಲ್ಲಿದ್ದೆ. ಜ್ವರ ಬಂದಾಗ ಸೂಪ್ ಮಾಡಿ ಮೇಲಕ್ಕೆ ತಂದುಕೊಟ್ಟವರು, ನಡುಬೀದಿಯಲ್ಲಿ ಹಿಂದೆ ಓಡಿ ಓಡಿ ಸೈಕಲ್ ಕಲಿಸಿದವರು. ಅಂಥವರಿಗೆ ಒಂಬತ್ತು ವರ್ಷದಿಂದ ಮುಖ ತೋರಿಸಿರಲಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಮೇಲ್ ಬರೆದೆ. ಈಗ ಜುಟ್‌ಫೆನ್‌ನಲ್ಲಿದ್ದೇನೆ, ಶನಿವಾರ ಮೂರು ಗಂಟೆಗೆ ಕಾಫಿಗೆ ಬಾ ಎಂದು ಎರಡೇ ಸಾಲಿನ ಉತ್ತರ ಬಂತು.

ರೈಲಿನ ಟಿಕೆಟ್ಟಿಗೆ ತಲೆಗೆ ಇಪ್ಪತ್ತು ಯೂರೋ ಮೀರಿತು. ರೂಪಾಯಿಯಲ್ಲಿ ಎಷ್ಟೆಂದು ಹೇಳಿ ಅವ್ವನ ಎದೆ ಒಡೆಸಲಿಲ್ಲ. ಅಮರ್ಸ್‌ಫೋರ್ಟ್ ದಾಟಿದ ಮೇಲೆ ಹೊಲಗಳೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿದ್ದವು. ಅವ್ವ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: "ಅಷ್ಟ ಛಲೋ ಹೆಣಮಗಳು ಅಂತಿ. ಇಷ್ಟ ದಿನ ಯಾಕ ಹೋಗಲಿಲ್ಲ ನೀ?"

ಆಗ ಹೇಳಲೇಬೇಕಾಯಿತು.

ಡಚ್ಚರ ಮನೆಗಳಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರನ್ನು ತೂಗುಹಾಕುವುದು ಟಾಯ್ಲೆಟ್ಟಿನ ಗೋಡೆಗೆ. ಅದರಲ್ಲಿ ವಾರಗಳಿಲ್ಲ, ಬರೀ ತಾರೀಖು. ಒಂದೇ ಕ್ಯಾಲೆಂಡರ್ ಎಷ್ಟು ವರ್ಷವಾದರೂ ನಡೆಯುತ್ತದೆ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬಿದ್ದರೆ ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲವಂತೆ. ಹನ್ನೆಕೆ ಮಾರ್ಚ್ ತಿಂಗಳ ಹಾಳೆಯಲ್ಲಿ ನನ್ನ ಹೆಸರನ್ನೂ ಬರೆದಿದ್ದರು. ಒಂಬತ್ತು ವರ್ಷದ ಹಿಂದೆ ನನ್ನ ಪದವಿ ಸಮಾರಂಭಕ್ಕೆಂದು ಬಂದು ಅವರ ಮನೆಯಲ್ಲೇ ಉಳಿದಿದ್ದ ಅವ್ವ ಅದನ್ನು ನೋಡಿ ಹೌಹಾರಿದಳು. ಅವಳಿಗೆ ಇಂಗ್ಲಿಷ್ ಬಾರದು, ಆದರೆ ಮಗಳ ಹೆಸರಿನ ಅಕ್ಷರಗಳನ್ನು ಬಲ್ಲಳು. ಮಗಳ ಹೆಸರು ಪಾಯಿಖಾನೆಯ ಗೋಡೆಯ ಮೇಲೆ! ಯಾರಿಗೂ ಹೇಳದೆ ಪೆನ್ನು ಹುಡುಕಿ ಅದರ ಮೇಲೆ ಗೀಟು ಎಳೆದುಬಿಟ್ಟಳು. ದೊಡ್ಡ ಅಪಚಾರ ತಪ್ಪಿಸಿದೆ ಎಂದು ಆಮೇಲೆ ನನ್ನೆದುರು ಬೀಗಿದ್ದಳು.

ನಾನು ಅಲ್ಲಿಯವರೆಗೆ ಅವಳಿಗೆ ಹೇಳದೆ ಉಳಿಸಿಕೊಂಡಿದ್ದು ಒಂದೇ ಮಾತು. ಆ ಮನೆಯಲ್ಲಿ ಗೀಟು ಎಳೆಯುತ್ತಿದ್ದದ್ದು ಸತ್ತವರ ಹೆಸರಿಗೆ. ಅಕ್ಟೋಬರ್ ಹಾಳೆಯಲ್ಲಿ ಹನ್ನೆಕೆಯವರ ಗಂಡನ ಹೆಸರಿಗೆ ಅಂಥದೇ ಗೀಟಿತ್ತು. ಅವ್ವ ಊರಿಗೆ ಹೋದ ಮೇಲೆ ಹನ್ನೆಕೆ, "ನನ್ನಿಂದ ಏನಾದರೂ ತಪ್ಪಾಯಿತಾ, ಗಿರಿಜಾ?" ಎಂದು ಕೇಳಿದರು. ಅವ್ವನನ್ನು ಹಿಡಿದುಕೊಡಲು ಮನಸ್ಸು ಬರಲಿಲ್ಲ. ಏನೂ ಇಲ್ಲ ಎಂದೆ. ಗೀಟು ಎಳೆದವಳು ನಾನೇ ಎಂದು ಅವರು ತಿಳಿದರು. ತಿಂಗಳೊಳಗೆ ಕೋಣೆ ಬಿಟ್ಟೆ. ಆಮೇಲೆ ನಾಚಿಕೆಯಿಂದ ಫೋನು ಕೂಡ ಮಾಡಲಿಲ್ಲ.

"ಬದುಕಿ ಬಾಳೋ ಮಗಳ ಹೆಸರಿಗೆ ನನ್ನ ಕೈಲೇ ಗೀಟ ಎಳದನಲ್ಲೋ ಶಿವನೇ," ಎಂದ ಅವ್ವ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಒಂಬತ್ತ ವರ್ಷ ಹೊಟ್ಟ್ಯಾಗ ಇಟ್ಕೊಂಡ ಕುಂತಿ. ನನಗೊಂದ ಮಾತ ಹೇಳಬಾರದಿತ್ತೇನ?"

ಡೆವೆಂಟರ್‌ನಲ್ಲಿ ರೈಲು ಬದಲಿಸಿ ಜುಟ್‌ಫೆನ್‌ನಲ್ಲಿ ಇಳಿದಾಗ ಹನ್ನೊಂದೂವರೆ. ಅವ್ವ ನೆಟ್ಟಗೆ ಹನ್ನೆಕೆಯವರ ಮನೆಗೇ ನಡೆ ಎಂದಳು. "ಮೂರಕ್ಕ ಬಾ ಅಂದಾರವ್ವಾ. ಇಲ್ಲಿ ಮೂರು ಅಂದ್ರ ಮೂರ," ಎಂದೆ. "ತಪ್ಪಾತು ಅನ್ನಾಕೂ ಟೈಮ್ ಕೇಳಬೇಕೇನ?" ಎಂದು ಸಿಡುಕಿದಳು.

ಹಾಗಾಗಿ ಊರು ಸುತ್ತಿದೆವು. ಚಳಿಗಾಲದ ನೀರೇರಿ ಐಸೆಲ್ ನದಿ ದಂಡೆಯ ಹುಲ್ಲುಗಾವಲನ್ನೂ ನುಂಗಿತ್ತು. ಕಿರಿದಾದ ಕಲ್ಲುಹಾಸಿನ ಬೀದಿಗಳು, ಒಂದಕ್ಕೊಂದು ಒರಗಿ ನಿಂತ ಇಟ್ಟಿಗೆ ಮನೆಗಳು, ಎತ್ತ ತಿರುಗಿದರೂ ಒಂದು ಗೋಪುರ. ದೊಡ್ಡ ಚರ್ಚಿನ ಪಕ್ಕದಲ್ಲಿ ನಾಲ್ಕು ನೂರು ವರ್ಷಕ್ಕೂ ಹಳೆಯ ಗ್ರಂಥಾಲಯವಿದೆ. ಅಲ್ಲಿ ಪುಸ್ತಕಗಳನ್ನು ಓರೆ ಮೇಜುಗಳಿಗೆ ಕಬ್ಬಿಣದ ಸರಪಳಿಯಿಂದ ಕಟ್ಟಿಹಾಕಿದ್ದಾರೆ. ಯಾರೂ ಹೊತ್ತುಕೊಂಡು ಹೋಗಬಾರದೆಂದು ಹೀಗೆ, ಎಂದು ತೋರಿಸಲು ಬಂದ ಅಜ್ಜ ವಿವರಿಸಿದ. ಬೇರೆ ದಿನವಾಗಿದ್ದರೆ ಅವ್ವ ನೂರು ಪ್ರಶ್ನೆ ಕೇಳುತ್ತಿದ್ದಳು. ಅಂದು, "ಯಾರ ಬರದಿದ್ದೋ ಏನೋ, ಅಳಿಸದಂಗ ಕಾದಾರ ನೋಡ," ಎಂದು ಹೊರಗೆ ಬಂದಳು. ಊಟಕ್ಕೆ ಬ್ರೆಡ್ಡು, ಸಾಸಿವೆ ಸೂಪ್. ನನಗೆ ರುಚಿಸಿತು, ಅವ್ವ ಎರಡು ಚಮಚ ಕುಡಿದು ಬಟ್ಟಲು ಸರಿಸಿದಳು.

ಮೂರು ಹೊಡೆಯುವಾಗ ಬೆಲ್ ಒತ್ತಿದೆವು. ಹನ್ನೆಕೆ ಕೋಲು ಹಿಡಿದು ಬಂದರು, ತುಂಬ ಸಣ್ಣಗಾಗಿದ್ದರು. ಕಾಫಿ ಬಂತು. ಹವೆ, ರೈಲು, ನದಿಯ ನೀರು ಎಲ್ಲ ಮಾತಾಡಿದೆವು; ಆ ಒಂದು ಮಾತು ಬಿಟ್ಟು. ಕೊನೆಗೆ ಅವ್ವ ಡಬ್ಬಿಯನ್ನು ಅವರ ಕೈಗಿಟ್ಟು, ಆ ಕೈಗಳನ್ನು ಬಿಡದೆ ಹಿಡಿದಳು. "ಗಿರಿಜಾ, ಇವರಿಗೆ ಅಷ್ಟೂ ಹೇಳ. ಗೀಟ ಎಳದಾಕಿ ನಾನು, ನೀ ಅಲ್ಲಂತ ಹೇಳ."

ಹೇಳಿದೆ. ಹನ್ನೆಕೆ ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದರು. "ಪ್ರತಿ ಮಾರ್ಚಿನಲ್ಲೂ ಆ ಗೀಟು ನೋಡುತ್ತಿದ್ದೆ. ಈ ಹುಡುಗಿಗೆ ನಾನೇನು ಮಾಡಿದೆ ಎಂದು ಯೋಚಿಸುತ್ತಿದ್ದೆ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಹನ್ನೆಕೆ ನನ್ನ ಬೆನ್ನು ಸವರುತ್ತಾ, "ಕ್ಯಾಲೆಂಡರ್ ಈಗಲೂ ಅದೇ, ಇರುವ ಜಾಗವೂ ಅದೇ," ಎಂದರು.

ಕ್ಯಾಲೆಂಡರ್ ಎಂಬ ಮಾತು ಅವ್ವನಿಗೂ ತಿಳಿಯಿತು. ಎದ್ದು ನಿಂತು ನನ್ನತ್ತ ಕೈ ಚಾಚಿದಳು. "ಪೆನ್ನ ಕೊಡ."

ಟಾಯ್ಲೆಟ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಎಷ್ಟು ಹೊತ್ತಾದರೂ ಬರಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಹನ್ನೆಕೆ ಗಾಬರಿಯಾದರು. ಕೊನೆಗೆ ಕೈ ತೊಳೆದು ಬಂದ ಅವ್ವ ಏನೂ ಆಗದವಳಂತೆ, ಡಬ್ಬಿಯ ಹೋಳಿಗೆಗಳನ್ನೆಲ್ಲ ತಟ್ಟೆಗೆ ಹಾಕಿ, ಒಂದಾದರೂ ತಿನ್ನಲೇಬೇಕೆಂದು ಅವರಿಗೆ ಒತ್ತಾಯ ಮಾಡತೊಡಗಿದಳು.

ಹೊರಡುವ ಮುಂಚೆ ನಾನೂ ಒಳಗೆ ಹೋದೆ. ಮಾರ್ಚ್ ಹಾಳೆಯಲ್ಲಿ ಆ ಹಳೆಯ ಗೀಟಿನ ಕೆಳಗೆ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಅವ್ವನ ದುಂಡು ಅಕ್ಷರದಲ್ಲಿ, ಕಾಗದ ಹರಿಯುವಷ್ಟು ಒತ್ತಿ 'ಗಿರಿಜಾ' ಎಂದು ಕನ್ನಡದಲ್ಲಿ ಬರೆದಿತ್ತು. ಅನುಮಾನ ಬಂದು ಮುಂದಿನ ಹಾಳೆಗಳನ್ನೂ ತಿರುವಿದೆ. ಅವ್ವನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ; ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲ ಮಕ್ಕಳಿಗೂ ಬರೆಯುತ್ತಿದ್ದಂತೆ ಅವಳಿಗೂ ಜೂನ್ ಒಂದು ಎಂದು ಬರೆದಿದ್ದರು. ಆರನೆಯ ಹಾಳೆಯ ಮೊದಲ ಸಾಲಿನಲ್ಲಿ 'ನೀಲವ್ವ' ಎಂದಿತ್ತು.

ಹನ್ನೆಕೆ ಬಾಗಿಲಲ್ಲಿ ನಿಂತು ಗದಗಿನ ವಿಳಾಸವನ್ನು ಪಿನ್‌ಕೋಡ್ ಸಮೇತ ಬರೆಸಿಕೊಂಡರು. ನಾವು ಬೀದಿಯ ತಿರುವು ದಾಟುವವರೆಗೂ ಕೈ ಬೀಸುತ್ತಿದ್ದರು.

ರೈಲು ಹೊರಟಾಗ ಕತ್ತಲಾಗುತ್ತಿತ್ತು. ಗೋಪುರಗಳು ಹಿಂದೆ ಸರಿದವು. ನಾನು ಸುಮ್ಮನಿರಲಾರದೆ ಕೆಣಕಿದೆ: "ಏನವ್ವಾ, ಪಾಯಿಖಾನ್ಯಾಗ ನಿನ್ನ ಹೆಸರೂ ಬರದ ಬಂದಿಯಲ್ಲ?"

ಅವ್ವ ಖಾಲಿ ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿದಳು: "ಮತ್ತೇನ ಮಾಡಲಿ? ನಿನ್ನ ಒಬ್ಬಾಕಿನ್ನ ಅಲ್ಲಿ ಹ್ಯಾಂಗ ಬಿಟ್ಟ ಬರಲಿ?"